ಬಾಲ್ತಜಾರ್ ಮೇಸ್ತ್ರಿ ತನ್ನ ಗೋಡೆ ಒಡೆದದ್ದು

ಫೊಂತಾಲ್ವಾ ಊರಲ್ಲಿ ಚಳಿಗಾಲ ಬಂತೆಂದರೆ ಜನ ಹೊರಗೆ ಹೋಗುವಾಗ ಕೋಟು ಬಿಚ್ಚುತ್ತಾರೆ, ಮನೆಯೊಳಗೆ ಬರುವಾಗ ಹಾಕಿಕೊಳ್ಳುತ್ತಾರೆ. ತಮಾಷೆಗೆ ಹೇಳಿದ್ದಲ್ಲ. ಹೊರಗೆ ಬಿಸಿಲಾದರೂ ಇರುತ್ತದೆ, ಒಳಗೆ ಬರೀ ತಣ್ಣನೆ ಕಲ್ಲು. ಊಟದ ಮೇಜಿನ ಕೆಳಗೆ ಕೆಂಡದ ಬೋಗುಣಿ ಇಟ್ಟು, ಮೇಲಿಂದ ದಪ್ಪ ಬಟ್ಟೆ ಇಳಿಬಿಟ್ಟು, ಮೊಣಕಾಲು ಬೆಚ್ಚಗೆ, ಬೆನ್ನು ತಣ್ಣಗೆ ಕೂರುವುದು ಅಲ್ಲಿನ ರೂಢಿ. ಯಾರಾದರೂ ಚಳಿ ಅಂತ ಗೊಣಗಿದರೆ, "ಚಳಿ ಮೈಗೆ ಒಳ್ಳೇದು ಬಿಡಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಊರಲ್ಲಿ ಒಂದು ಮನೆ ಮಾತ್ರ ಬೇರೆ ಥರ. ಬಾಲ್ತಜಾರ್ ಮೇಸ್ತ್ರಿಯ ಮನೆ. ಅಲ್ಲಿಗೆ ಹೋದವರು ಸ್ವಲ್ಪ ಹೊತ್ತಿನಲ್ಲಿ ಕುತ್ತಿಗೆಯ ಮಫ್ಲರು ಸಡಿಲಿಸುತ್ತಿದ್ದರು. "ಏನು ಗುಟ್ಟು ಮೇಸ್ತ್ರಿ?" ಅಂತ ಕೇಳಿದರೆ ಆತ ಅಂಗೈ ತೋರಿಸುತ್ತಿದ್ದ. ಗರಸಿನಂತೆ ಒರಟಾದ, ಬಿರುಕುಬಿಟ್ಟ ಅಂಗೈ. "ಕಲ್ಲು ಎಲ್ಲರ ಹತ್ರಾನೂ ಇದೆ. ಕೂರಿಸೋ ಕೈ ಇಲ್ಲಿದೆ" ಅನ್ನುತ್ತಿದ್ದ. ಜನ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಅವನು ಕಟ್ಟಿದ ಮನೆಗಳು, ಬಾವಿಗಳು, ಸೇತುವೆಯ ಕಟ್ಟೆಗಳು ಇವೆ. ಒಂದಕ್ಕೂ ಬಿರುಕು ಬಂದಿಲ್ಲ.

ಆ ಮನೆಯ ಕಿಟಕಿಯಲ್ಲಿ ಈಗ ಒಂದು ರಟ್ಟಿನ ಬೋರ್ಡು. "ಮನೆ ಮಾರಾಟಕ್ಕಿದೆ."

ಬೋರ್ಡು ಬರೆಯುವ ದಿನ ಬಾಲ್ತಜಾರ್‌ನ ಕೈ ಆಡಲಿಲ್ಲ. ಹೆಂಡತಿ ಪೆರ್ಪೇತುವಾಳೇ ಬರೆದಳು. ಅವಳ ಎರಡೂ ಮೂತ್ರಪಿಂಡ ಸೋತಿದ್ದವು. ವಾರಕ್ಕೆ ಮೂರು ಸಲ ಪೊರ್ತಾಲೆಗ್ರೆ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆಟ್ಟದ ದಾರಿ, ತಿರುವಿನ ಮೇಲೆ ತಿರುವು. ಅಲ್ಲಿ ರೋಗಿಗಳನ್ನು ಒಯ್ಯುವುದೂ ಅಗ್ನಿಶಾಮಕ ದಳವೇ; ಅದರ ಆಂಬ್ಯುಲೆನ್ಸ್ ಇನ್ನೂ ಕತ್ತಲಿರುವಾಗಲೇ ಬಂದು ಕರೆದೊಯ್ಯುತ್ತಿತ್ತು. ಹಿಂದಿರುಗುವ ಹೊತ್ತಿಗೆ ಅವಳು ಹಿಂಡಿದ ಬಟ್ಟೆಯಂತಾಗಿರುತ್ತಿದ್ದಳು. ಹೋದ ಚಳಿಗಾಲದಲ್ಲಿ ರಸ್ತೆ ಮೇಲೆ ಮಂಜುಗಟ್ಟಿ, ಗಾಡಿ ಅರ್ಧದಾರಿಯಲ್ಲಿ ನಿಂತು, ಅವಳು ಒಂದು ದಿನದ ಚಿಕಿತ್ಸೆಯನ್ನೇ ತಪ್ಪಿಸಿಕೊಂಡಿದ್ದಳು. ಆ ರಾತ್ರಿ ಅವಳ ಕಾಲು ಊದಿದ್ದನ್ನು, ಉಸಿರು ಕಟ್ಟಿದ್ದನ್ನು ಬಾಲ್ತಜಾರ್ ಮರೆತಿರಲಿಲ್ಲ. "ಇನ್ನೊಂದು ಚಳಿಗಾಲ ಆ ದಾರಿ ಬೇಡ" ಅಂದಿದ್ದರು ಡಾಕ್ಟರು. ಆಸ್ಪತ್ರೆಯ ಬೀದಿಯಲ್ಲೇ ನೆಲಮಹಡಿಯ ಒಂದು ಪುಟ್ಟ ಮನೆ ಸಿಗುವಂತಿತ್ತು. ಅದರ ಯಜಮಾನ ಕ್ರಿಸ್ಮಸ್‌ವರೆಗೆ ಕಾಯುತ್ತೇನೆ ಅಂದಿದ್ದ. ಇದು ಮಾರಿದರೆ ಅದು.

ಮಾರುವುದಕ್ಕೆ ಗಿರಾಕಿಯೂ ಇದ್ದಳು. ಬೇರೆ ಯಾರೂ ಅಲ್ಲ, ಆಂಬ್ಯುಲೆನ್ಸ್ ಓಡಿಸುವ ಒತೀಲಿಯಾ. ಗಟ್ಟಿ ಹೆಂಗಸು, ನಗುವಾಗ ಇಡೀ ಗಾಡಿ ನಗುತ್ತಿತ್ತು. ಒಂದು ಮಧ್ಯಾಹ್ನ ಪೆರ್ಪೇತುವಾಳನ್ನು ಕೈಹಿಡಿದು ಇಳಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ಅವಳೇ ಮಾತು ತೆಗೆದಳು.

"ಬಾಲ್ತಜಾರಣ್ಣ, ಈ ಮನೆ ನಂಗೆ ಬೇಕು. ಆದ್ರೆ ಪತ್ರ ಎಲ್ಲಿ?"

"ಎಲ್ಲಾ ಪತ್ರಾನೂ ಇದೆಯಮ್ಮ. ನನ್ನಪ್ಪನ ಜಾಗ, ನನ್ನ ಕೈಯಲ್ಲಿ ಕಟ್ಟಿದ ಮನೆ."

"ಆ ಪತ್ರ ಅಲ್ಲ. ಶಕ್ತಿ ದರ್ಜೆ ಪತ್ರ. ಮನೆಗೆ ಎಷ್ಟು ಸೌದೆ ಬೇಕು, ಎಷ್ಟು ಕರೆಂಟು ಬೇಕು, ಚಳೀಲಿ ಬಿಸಿ ಹಿಡಿಯುತ್ತಾ, ಬೇಸಿಗೇಲಿ ತಂಪು ಹಿಡಿಯುತ್ತಾ ಅಂತ ತಪಾಸಣೆ ಮಾಡಿ ಒಂದು ಅಕ್ಷರ ಕೊಡ್ತಾರಲ್ಲ, ಅದು. ಎ ಪ್ಲಸ್ ಅಂದ್ರೆ ಎಲ್ಲಕ್ಕಿಂತ ಮೇಲೆ. ಎಫ್ ಅಂದ್ರೆ ಕೆಳಗೆ. ಕಾನೂನಿನ ಪ್ರಕಾರ ಆ ಅಕ್ಷರ ಇಲ್ದೆ ಈ ಬೋರ್ಡು ಹಾಕೋ ಹಾಗೇ ಇಲ್ಲ, ಗೊತ್ತಾ?"

ಬಾಲ್ತಜಾರ್ ಹುಬ್ಬು ಗಂಟಿಕ್ಕಿದ. "ನನ್ನ ಮನೇಗೆ ಮಾರ್ಕು ಹಾಕೋಕೆ ಪಟ್ಟಣದಿಂದ ಯಾರೋ ಬರ್ಬೇಕಾ? ನೀನು ಒಳಗೆ ಕೂತಿದೀಯ, ಬೆಚ್ಚಗಿದೆ. ಇನ್ನೇನು ಬೇಕು?"

"ಅಣ್ಣ, ನೀವು ಆಲಿವ್ ಎಣ್ಣೆ ಕೊಳ್ಳುವಾಗ ಹುಳಿ ಎಷ್ಟಿದೆ ಅಂತ ಬಾಟ್ಲಿ ಮೇಲೆ ಓದಲ್ವಾ? ಅಂಗಡಿಯವನು ನಿಮ್ಮ ಸೋದರಮಾವ ಆಗಿದ್ರೂ ಓದ್ತೀರಿ."

"ಅದು ಬೇರೆ."

"ಅದೇ ಇದು. ಕೇಳಿ. ಈಗಿರೋ ಬಾಡಿಗೆ ಮನೇನ ನಾನು ಜೂನ್‌ನಲ್ಲಿ ನೋಡಿದ್ದೆ. ಬಿಳೀ ಗೋಡೆ, ಬಾಗಿಲಿಗೆ ನೀಲಿ ಪಟ್ಟಿ, ನೋಡೋಕೆ ಮದುವೆ ಹೆಣ್ಣು. ಜನವರೀಲಿ ನನ್ನ ಮಗಳ ದಿಂಬು ಒದ್ದೆ. ಕಪಾಟು ತೆಗೆದ್ರೆ ಬಟ್ಟೆ ಮೇಲೆ ಬೂಷ್ಟು. ಮಗು ವಾರಗಟ್ಲೆ ಕೆಮ್ಮಿತು. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಂಬಿಕೆ ಬೇರೆ, ಗೋಡೆ ಬೇರೆ." ಅವಳು ಲೋಟ ತಿರುಗಿಸಿದಳು. "ಪಕ್ಕದೂರಲ್ಲಿ ಇನ್ನೊಂದು ಮನೆ ನೋಡಿದೀನಿ. ಅದಕ್ಕೆ ಇ ಅಂತ ಬಂದಿದೆ. ನಿಮ್ಮದು ಅದಕ್ಕಿಂತ ಮೇಲಿದ್ರೆ ನಾನು ಇಲ್ಲಿಗೇ."

ಒತೀಲಿಯಾ ಹೋದ ಮೇಲೆ ಬಾಲ್ತಜಾರ್ ಕಾಫಿ ಅಂಗಡಿಗೆ ನಡೆದ. ಅಲ್ಲಿ ಜೆಫೆರೀನು ಇದ್ದ. ಪಕ್ಕದ ಮನೆಯವನು, ಒಂದೇ ಶಾಲೆಗೆ ಹೋದವನು. ಊರಿನ ಎಲ್ಲ ಅಡ್ಡಹೆಸರುಗಳೂ ಅವನ ಬಾಯಿಂದಲೇ ಹುಟ್ಟಿದವು. ಅವನ ನಾಲಗೆಗೆ ಸಿಕ್ಕವರಿಗೆ ಸಾಯುವವರೆಗೆ ಬಿಡುಗಡೆ ಇರಲಿಲ್ಲ.

"ಅಷ್ಟೇನಾ?" ಅಂದ ಜೆಫೆರೀನು. "ಆ ಪತ್ರ ತರಿಸಿಕೊಳ್ಳೋಕೆ ಮನೇಗೆ ಯಾಕೆ ಯಾರಾದ್ರೂ ಬರ್ಬೇಕು? ನನ್ನ ಹತ್ರ ಒಬ್ಬನ ನಂಬರು ಇದೆ. ಫೋನಲ್ಲಿ ಅಳತೆ ಹೇಳು, ಸಾಕು. ಕೂತಲ್ಲೇ ಬರೀತಾನೆ. ಬಿ ಬೇಕಂದ್ರೆ ಬಿ."

"ನೋಡದೇನೇ?"

"ನೋಡಿ ಏನು ಮಾಡ್ತಾನೆ? ಮನೆ ಏನು ಎಮ್ಮೆನಾ, ಹಲ್ಲು ಎಣಿಸೋಕೆ?"

ಬಾಲ್ತಜಾರ್ ಆ ನಂಬರನ್ನು ಸಿಗರೇಟು ಪೊಟ್ಟಣದ ಮೇಲೆ ಬರೆದುಕೊಂಡು ಬಂದ. ಮೇಜಿನ ಮೇಲೆ ಇಟ್ಟ. ಪೆರ್ಪೇತುವಾ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು. ಯಾರ ನಂಬರು ಎಂದು ಅವನು ಅರ್ಧ ಹೇಳುವಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು.

"ರೀ, ನಾನು ಆ ಹುಡುಗಿ ಗಾಡೀಲಿ ಹೋಗಿ ಬರ್ತೀನಿ. ತಲೆ ಸುತ್ತಿದ್ರೆ ಅವಳ ಭುಜದ ಮೇಲೆ ಒರಗ್ತೀನಿ. ಸುಳ್ಳು ಕಾಗದ ಕೊಟ್ಟು ಆ ಭುಜದ ಮೇಲೆ ಹ್ಯಾಗೆ ಒರಗಲಿ?"

ಬಾಲ್ತಜಾರ್ ಎದ್ದ. ಪೊಟ್ಟಣ ಒಲೆಗೆ ಹೋಯಿತು. ಮರುದಿನ ಒತೀಲಿಯಾಳೇ ಒಬ್ಬ ಅಧಿಕೃತ ತಪಾಸಕಿಯ ಹೆಸರು ಕೊಟ್ಟಳು. ಇವೋನೆ ಅಂತ, ಇಂಜಿನಿಯರು.

ತಪಾಸಣೆಯ ಹಿಂದಿನ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ಆ ಸೀಮೆಯಲ್ಲಿ ಯಾರಾದರೂ ದೊಡ್ಡವರು ಬರುತ್ತಾರೆಂದರೆ ಮೊದಲು ಸುಣ್ಣದ ಡಬ್ಬ ತೆಗೆಯುತ್ತಾರೆ. ಬಾಲ್ತಜಾರ್ ಒಳಗೋಡೆಗೆಲ್ಲ ಸುಣ್ಣ ಬಳಿದ. ಅಡುಗೆಮನೆಯ ಮೂಲೆಯಲ್ಲಿ ಮೇಲುಗಡೆ ಕಪ್ಪಗೆ ಬೂಷ್ಟು ಕಟ್ಟಿತ್ತು. ಅದಕ್ಕೆ ಎರಡು ಕೈ ಹೆಚ್ಚಿಗೆ.

"ಅಲ್ಲಿ ಬಿಟ್ಟು ಹೋಯ್ತು" ಅಂದಳು ಕುರ್ಚಿಯಲ್ಲಿ ಕೂತ ಪೆರ್ಪೇತುವಾ.

"ಎಲ್ಲಿ?"

"ಮೂಗಿನ ಮೇಲೆ ಬಳ್ಕೊಂಡಿದೀರಲ್ಲ, ಅದನ್ನ ಅಲ್ಲಿಗೆ ಹಚ್ಚಿ."

ಮಾರನೆಯ ದಿನ ಪೆರ್ಪೇತುವಾ ಆಸ್ಪತ್ರೆಗೆ ಹೋದ ಕೂಡಲೇ ಬಾಲ್ತಜಾರ್ ಅಗ್ಗಿಷ್ಟಿಕೆಗೆ ಓಕ್ ಸೌದೆ ಒಟ್ಟಿದ. ಮೇಲೊಂದು, ಅದರ ಮೇಲೊಂದು. ಬೆಚ್ಚಗಿದ್ದಷ್ಟೂ ಒಳ್ಳೆ ಅಕ್ಷರ ಎಂಬುದು ಅವನ ಲೆಕ್ಕ. ಇವೋನೆ ಮೋಡ ಮುಸುಕಿದ ಬೆಳಗಿನಲ್ಲಿ, ತನಗಿಂತ ಉದ್ದದ ಏಣಿಯನ್ನು ಪುಟ್ಟ ಕಾರಿನ ಮೇಲೆ ಕಟ್ಟಿಕೊಂಡು ಬಂದಾಗ ಮನೆ ರೊಟ್ಟಿ ಸುಡುವ ಗೂಡಿನ ಹಾಗಿತ್ತು. ಜೆಫೆರೀನು ಆಗಲೇ ಬಂದು ಅಗ್ಗಿಷ್ಟಿಕೆ ಪಕ್ಕ ಕೂತು ಸುಟ್ಟ ಚೆಸ್ಟ್‌ನಟ್ ಬೀಜ ಸುಲಿಯುತ್ತಿದ್ದ. ತಮಾಷೆ ಬಿಟ್ಟಿ ಸಿಗುವಲ್ಲಿ ಅವನು ತಪ್ಪಿಸುತ್ತಿರಲಿಲ್ಲ.

ಇವೋನೆ ಒಳಗೆ ಬಂದವಳೇ ಜಾಕೆಟ್ ಬಿಚ್ಚಿದಳು. ಸ್ವಲ್ಪ ಹೊತ್ತಿಗೆ ಸ್ವೆಟರನ್ನೂ ಬಿಚ್ಚಿದಳು. ಹಣೆ ಒರೆಸಿಕೊಂಡಳು.

"ಬೆಚ್ಚಗಿದೆ ಅಲ್ವಾ ಮೇಡಂ?" ಅಂದ ಬಾಲ್ತಜಾರ್, ಎದೆ ಉಬ್ಬಿಸಿ.

"ಬೆಚ್ಚಗಿರೋದು ಬೆಂಕಿ ಮೇಸ್ತ್ರಿಗಳೇ. ಮನೆ ಹ್ಯಾಗಿದೆ ಅಂತ ಈಗ ನೋಡೋಣ." ಅವಳ ದನಿಯಲ್ಲಿ ಕುಹಕ ಇರಲಿಲ್ಲ. "ನಾನು ಇವತ್ತಿನ ಬಿಸಿ ಅಳೆಯೋಕೆ ಬಂದಿಲ್ಲ. ನೀವು ಉರಿಸಿದ ಬಿಸಿ ಎಷ್ಟು ಹೊತ್ತು ಒಳಗೆ ಉಳಿಯುತ್ತೆ, ಎಲ್ಲಿಂದ ಓಡಿಹೋಗುತ್ತೆ, ಅದನ್ನ ತಿಳಿಯೋಕೆ ಬಂದಿದೀನಿ."

ಆಮೇಲೆ ಅವಳು ಕೆಲಸ ಮಾಡಿದ್ದನ್ನು ಬಾಲ್ತಜಾರ್ ಮೂಲೆಯಲ್ಲಿ ನಿಂತು ನೋಡಿದ. ನೋಡುತ್ತ ನೋಡುತ್ತ ಅವನ ಬಿಗಿದ ದವಡೆ ಸಡಿಲವಾಯಿತು. ಕೋಣೆ ಕೋಣೆಯ ಅಳತೆ ತೆಗೆದಳು. ಕಿಟಕಿ ಯಾವ ದಿಕ್ಕಿಗಿದೆ, ಗಾಜು ಒಂದು ಪದರವೋ ಎರಡೋ, ಚೌಕಟ್ಟಿನ ಸಂದಿಯಲ್ಲಿ ಗಾಳಿ ನುಸುಳುತ್ತದೋ ಎಂದು ಹಿಂಗೈ ಹಿಡಿದು ನೋಡಿದಳು. ನೀರು ಕಾಯಿಸುವ ಬಾಯ್ಲರಿನ ಹಿಂದೆ ತಲೆ ತೂರಿಸಿ ಅದರ ಮೇಲಿನ ಚೀಟಿ ಓದಿದಳು. ಅಟ್ಟಕ್ಕೆ ಏಣಿ ಹಾಕಿ, ಜೇಡರ ಬಲೆಯೊಳಗೆ ಹೊಟ್ಟೆ ಮೇಲೆ ತೆವಳಿ, ತಲೆಯೆಲ್ಲ ಧೂಳಾಗಿ ಇಳಿದಳು. ಕೆಲಸಗಾರನಿಗೆ ಕೆಲಸಗಾರ ಗೊತ್ತಾಗುತ್ತಾನೆ. ಈ ಹೆಣ್ಣು ಅಳತೆಪಟ್ಟಿ ಹಿಡಿಯುವ ರೀತಿ ನೋಡಿಯೇ ಬಾಲ್ತಜಾರ್‌ಗೆ ಅವಳ ಮೇಲೆ ಗೌರವ ಬಂದುಬಿಟ್ಟಿತು. ತನ್ನ ಹತ್ತಿರ ಕೆಲಸಕ್ಕೆ ಬಂದವರಲ್ಲಿ ಯಾರೂ ಮೂಲೆಯನ್ನು ಎರಡು ಸಲ ಅಳೆದವರಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಅವಳು ನಿಂತಳು. ಮೂಗರಳಿಸಿದಳು. "ಸುಣ್ಣ ಹೊಸದು."

"ನಿನ್ನೆಯದು" ಎಂದು ಜೆಫೆರೀನು ಕೂತಲ್ಲಿಂದಲೇ ಸಾಕ್ಷಿ ಹೇಳಿದ.

ಇವೋನೆ ನಕ್ಕಳು. ಕುರ್ಚಿ ಹತ್ತಿ, ಗೋಡೆಯ ಮೇಲ್ಭಾಗದಲ್ಲಿದ್ದ ಗಾಳಿಗಿಂಡಿಗೆ ಬೆರಳು ಹಾಕಿ, ಅಲ್ಲಿ ತುರುಕಿದ್ದ ಹಳೇ ಬಟ್ಟೆ ಎಳೆದಳು. "ಚಳಿ ಬರುತ್ತೆ ಅಂತ ಇದನ್ನ ಮುಚ್ಚಿದಿರಿ. ಅಡುಗೆ ಹಬೆ ಹೋಗೋಕೆ ದಾರಿ ಇಲ್ದೆ ಇಲ್ಲೇ ಕೂತು ಬೂಷ್ಟಾಯ್ತು. ಸುಣ್ಣದ ಅಡಿ ಅದು ಬೆಳೀತಾನೇ ಇರುತ್ತೆ. ಕಿಂಡಿ ತೆರೆದಿಡಿ, ಆಮೇಲೆ ಸುಣ್ಣಕ್ಕೆ ಕೆಲಸ ಕಡಿಮೆ. ಇದನ್ನ ಮುಚ್ಚಿಡೋದಕ್ಕಿಂತ ನನಗೆ ತೋರಿಸಿದ್ರೆ ನಿಮಗೇ ಲಾಭ ಇತ್ತು."

ಬಾಲ್ತಜಾರ್‌ನ ಕಿವಿ ಬಿಸಿಯಾಯಿತು.

"ಈಗ ಮುಖ್ಯವಾದ್ದು" ಅಂದಳು ಅವಳು, ಗೋಡೆಗೆ ಅಂಗೈ ಇಟ್ಟು. "ಈ ಗೋಡೆ ಒಳಗೆ ಏನಿದೆ?"

ಬಾಲ್ತಜಾರ್ ಜೆಫೆರೀನುವಿನ ಕಡೆ ನೋಡಿದ. ಜೆಫೆರೀನು ಚೆಸ್ಟ್‌ನಟ್ ಬಾಯಿಗೆಸೆದುಕೊಂಡ.

"ಕಲ್ಲು" ಅಂದ ಬಾಲ್ತಜಾರ್.

"ಬರೀ ಕಲ್ಲಾ?"

"ಬರೀ ಕಲ್ಲು."

ಅವಳು ಬರೆದುಕೊಳ್ಳಲಿಲ್ಲ. ಚೀಲದಿಂದ ಒಂದು ಕ್ಯಾಮೆರಾ ತೆಗೆದು ಹೊರಗೆ ಹೋದಳು. ಬಾಲ್ತಜಾರ್ ಹಿಂದೆಯೇ ಹೋದ. ಅದು ಶಾಖ ನೋಡುವ ಕ್ಯಾಮೆರಾ. ಬಿಸಿ ಸೋರುವ ಜಾಗ ಅದರಲ್ಲಿ ಕೆಂಪಗೆ, ಸೋರದ ಜಾಗ ನೀಲಿಯಾಗಿ ಕಾಣುತ್ತದೆ.

"ನಿಮ್ಮ ಬೆಂಕಿಗೆ ಈಗ ಥ್ಯಾಂಕ್ಸ್ ಹೇಳ್ಬೇಕು" ಅಂದಳು ಇವೋನೆ. "ಒಳಗೆ ಅಷ್ಟು ಕಾದಿದ್ದಕ್ಕೇ ಇಲ್ಲಿ ಇಷ್ಟು ಚೆನ್ನಾಗಿ ಕಾಣ್ತಿದೆ. ನೋಡಿ."

ಬಾಲ್ತಜಾರ್ ಬಗ್ಗಿ ನೋಡಿದ. ತನ್ನ ಮನೆಯನ್ನು ಅವನು ಎಂದೂ ಹಾಗೆ ಕಂಡಿರಲಿಲ್ಲ. ಹೆಂಚಿನ ಸಂದಿಗಳು ಕೆಂಪು. ಕಿಟಕಿಗಳ ಸುತ್ತ ಕೆಂಡದ ಗೆರೆ ಎಳೆದ ಹಾಗೆ. ನಡುವೆ ಗೋಡೆ ಮಾತ್ರ ಅಗಲಕ್ಕೂ ನೀಲಿ. ನಿದ್ದೆ ಮಾಡುವ ನೀರಿನ ಹಾಗೆ.

"ಬಿಸಿ ಚಾವಣಿಯಿಂದ, ಕಿಟಕಿಯಿಂದ ಓಡಿಹೋಗ್ತಿದೆ. ಆದ್ರೆ ಗೋಡೆ ಬಿಡ್ತಾ ಇಲ್ಲ. ಬರೀ ಕಲ್ಲಾಗಿದ್ರೆ ಇಷ್ಟು ನೀಲಿ ತೋರಿಸೋದಿಲ್ಲ ಮೇಸ್ತ್ರಿಗಳೇ. ಒಳಗೆ ಏನೋ ಇದೆ."

"ನನ್ನ ಕೈ ಇದೆ" ಅಂದ ಬಾಲ್ತಜಾರ್. ಹಳೇ ಮಾತು. ಈ ಸಲ ಅದು ಅವನಿಗೇ ಟೊಳ್ಳಾಗಿ ಕೇಳಿಸಿತು.

"ನಿಮ್ಮ ಕೈ ದೊಡ್ಡದು, ಒಪ್ಪಿದೆ. ಆದ್ರೆ ಕಣ್ಣಾರೆ ಕಾಣದ್ದನ್ನ, ದಾಖಲೆ ಇಲ್ಲದ್ದನ್ನ ನಾನು ಬರೆಯೋ ಹಾಗಿಲ್ಲ. ಕಟ್ಟುವಾಗಿನ ಫೋಟೋ ಇದೆಯಾ? ಸಾಮಾನು ಕೊಂಡ ರಶೀದಿ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಬರೀ ಕಲ್ಲು ಅಂತಲೇ ಲೆಕ್ಕ ಹಿಡಿಯಬೇಕಾಗುತ್ತೆ. ಕಿಟಕಿ ಹೀಗೆ, ಚಾವಣಿ ಹೀಗೆ, ಗೋಡೆ ಬರೀ ಕಲ್ಲು. ಎಫ್ ಬರುತ್ತೆ. ನನಗೂ ಬೇಜಾರು." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಒಳಗೆ ಏನಿದೆ ಅಂತ ಕಟ್ಟಿದವರಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಬಾಲ್ತಜಾರ್ ಗೋಡೆಯ ಕಡೆ ತಿರುಗಿದ.

ಅವನಿಗೆ ಗೊತ್ತಿತ್ತು. ಮದುವೆಗೆ ಮುಂಚಿನ ಮಾತು. ಪೆರ್ಪೇತುವಾ ದಕ್ಷಿಣದ ಕಡಲತೀರದ ಹುಡುಗಿ. ಬರಿಗಾಲಲ್ಲಿ ಮರಳಿನ ಮೇಲೆ ಓಡಾಡಿ ಬೆಳೆದವಳು. ಮೊದಲ ಸಲ ಈ ಬೆಟ್ಟಕ್ಕೆ ಬಂದಾಗ ಅವಳ ತುಟಿ ನೀಲಿಯಾಗಿತ್ತು. ಆದರೂ "ಏನಿಲ್ಲ, ಒಗ್ಗಿಹೋಗುತ್ತೆ" ಅಂದಿದ್ದಳು. ಆ ವರ್ಷ ಬಾಲ್ತಜಾರ್ ಒಂದು ಕಾರ್ಕ್ ಕಾರ್ಖಾನೆಗೆ ಕಾಂಪೌಂಡು ಕಟ್ಟಿಕೊಟ್ಟು, ಕೂಲಿಯ ಬದಲು ಕಾರ್ಕ್ ಹಲಗೆ ತಂದಿದ್ದ. ಬಾಟ್ಲಿ ಬಿರಡೆ ಮಾಡುವ ಓಕ್ ತೊಗಟೆಯನ್ನೇ ಪುಡಿಮಾಡಿ, ಕಪ್ಪಾಗುವಂತೆ ಕಾಯಿಸಿ ಒತ್ತಿದ ಹಲಗೆ, ಬಿಸಿಯನ್ನು ದಾಟಗೊಡದು. ಊರೆಲ್ಲ ಆಲಿವ್ ಕೊಯ್ಲಿಗೆ ಹೋದಾಗ, ಬಾಗಿಲು ಹಾಕಿಕೊಂಡು, ಕಲ್ಲುಗೋಡೆಗೆ ಒಳಗಿನಿಂದ ಅದನ್ನು ಜೋಡಿಸಿ, ಅದರ ಮುಂದೆ ತೆಳ್ಳನೆ ಇಟ್ಟಿಗೆ ಎಬ್ಬಿಸಿ, ಗಾರೆ ಮಾಡಿ ಮುಚ್ಚಿದ್ದ. ಯಾರಿಗೂ ಹೇಳಿರಲಿಲ್ಲ. ಆ ಬೆಟ್ಟದ ಮೇಸ್ತ್ರಿಗಳಿಗೆ ಕಲ್ಲೇ ದೇವರು. ಕಲ್ಲಿನ ಜೊತೆ ಮರದ ತೊಗಟೆ ಇಟ್ಟವನನ್ನು ಅವರು ಮೇಸ್ತ್ರಿ ಅಂತ ಕರೆಯುವುದೇ ಇಲ್ಲ. ಇನ್ನು ಜೆಫೆರೀನು. ಅವನಿಗೆ ಗೊತ್ತಾಗಿದ್ದರೆ "ಬಿರಡೆ ಮೇಸ್ತ್ರಿ" ಎಂದು ಹೆಸರಿಟ್ಟು, ಹೆಂಡತಿಗೆ ಹೆದರಿ ಗೋಡೆಗೆ ಹಾಸಿಗೆ ಹಾಸಿದವನು ಎಂದು ಊರಿಗೆಲ್ಲ ಹಂಚುತ್ತಿದ್ದ. ಆಮೇಲೆ ಜನ ಅವನ ಕೈಯನ್ನು ಹೊಗಳಿದರು. ಅವನು ಅಂಗೈ ತೋರಿಸಿದ. ತೋರಿಸುತ್ತ ತೋರಿಸುತ್ತ ವಯಸ್ಸಾಗಿಹೋಯಿತು.

ಅಷ್ಟರಲ್ಲಿ ತಿರುವಿನಲ್ಲಿ ಆಂಬ್ಯುಲೆನ್ಸ್ ಕಾಣಿಸಿತು. ಒತೀಲಿಯಾ ಇಳಿದು ಹಿಂಬಾಗಿಲು ತೆಗೆದಳು. ಪೆರ್ಪೇತುವಾ ಕೆಳಗೆ ಕಾಲಿಟ್ಟು, ಗಾಡಿಯ ಬಾಗಿಲು ಹಿಡಿದು ಕಣ್ಣು ಮುಚ್ಚಿ ನಿಂತಳು. ತಿರುವುಗಳು ಇನ್ನೂ ಅವಳ ತಲೆಯಲ್ಲಿ ತಿರುಗುತ್ತಿದ್ದವು. ಒತೀಲಿಯಾ ಅವಸರಿಸದೆ ಭುಜ ಕೊಟ್ಟಳು.

ಬಾಲ್ತಜಾರ್ ಹಿತ್ತಿಲಿಗೆ ಹೋದ. ಬರುವಾಗ ಕೈಯಲ್ಲಿ ಸುತ್ತಿಗೆ, ಉಳಿ.

"ಏನ್ರೀ ಇದು?" ಅಂದಳು ಪೆರ್ಪೇತುವಾ, ಬಾಗಿಲಲ್ಲಿ.

"ಕೂತ್ಕೋ ಬಾ. ಮೇಡಂ, ನೀವೂ ಬನ್ನಿ. ಒತೀಲಿಯಾ, ನೀನೂ." ಅಗ್ಗಿಷ್ಟಿಕೆ ಕಡೆ ತಿರುಗಿ, "ಜೆಫೆರೀನು, ನೀನೂ ಬಾ. ಹೆಂಗಿದ್ರೂ ಬರ್ತೀಯ" ಅಂದ.

ಮಲಗುವ ಕೋಣೆಯ ಬಡಗಣ ಗೋಡೆ. ನಿನ್ನೆ ತಾನೇ ಸುಣ್ಣ ಬಳಿದ, ಎಲ್ಲೂ ಒಂದು ಕೂದಲೆಳೆ ಬಿರುಕಿಲ್ಲದ ಗೋಡೆ. ಬಾಲ್ತಜಾರ್ ಅದರ ಮುಂದೆ ಒಂದು ಗಳಿಗೆ ನಿಂತ. ತಾನು ಕಟ್ಟಿದ್ದಕ್ಕೆ ಅವನು ಯಾವತ್ತೂ ಉಳಿ ಇಟ್ಟವನಲ್ಲ. ಇಟ್ಟ. ಹೊಡೆದ. ಗಾರೆ ಉದುರಿತು. ಇನ್ನೊಂದೇಟು. ಇಟ್ಟಿಗೆ ಚೂರು ಹಾಸಿಗೆ ಮೇಲೆ ಸಿಡಿಯಿತು. ಅಂಗೈ ಅಗಲದ ತೂತಾಯಿತು. ಒಳಗಿಂದ ಹೊಗೆಯ, ಕಾಡಿನ, ಸುಟ್ಟ ಮರದ ವಾಸನೆ ಬಂತು. ಇಷ್ಟು ವರ್ಷ ಮುಚ್ಚಿದ್ದರೂ ಹೊಸದರ ಹಾಗೆ.

ಇವೋನೆ ಟಾರ್ಚು ಹಾಕಿದಳು. ಒಳಗೆ ಕಪ್ಪಗೆ, ಒತ್ತಾಗಿ, ಒಂದು ಸಣ್ಣ ಸಂದಿಯೂ ಇಲ್ಲದೆ ಕಾರ್ಕ್ ಹಲಗೆ.

"ಎಲ್ಲಾ ಗೋಡೇಲೂ?" ಅವಳ ದನಿ ಸಣ್ಣಗಾಗಿತ್ತು.

"ಹೊರಗೋಡೆ ಎಲ್ಲದರಲ್ಲೂ. ನೆಲದಿಂದ ಚಾವಣಿವರೆಗೆ."

"ಆ ಕಾಲದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನ ನಾನು ಎಲ್ಲೂ ನೋಡಿಲ್ಲ ಮೇಸ್ತ್ರಿಗಳೇ." ಅವಳು ಅಳತೆಪಟ್ಟಿ ಒಳಗಿಟ್ಟು ದಪ್ಪ ಅಳೆದಳು. ಫೋಟೋ ತೆಗೆದಳು. ಉಳಿದ ಗೋಡೆಗಳಿಗೂ ಹೊರಗಿನಿಂದ ಕ್ಯಾಮೆರಾ ಹಿಡಿದು ತಾಳೆ ನೋಡಿದಳು. ಅಡುಗೆಮನೆ ಕಡೆ ಇನ್ನೊಂದು ಸಣ್ಣ ತೂತು ಕೇಳಿದಳು. ಬಾಲ್ತಜಾರ್ ಕೊರೆದುಕೊಟ್ಟ. ಅಲ್ಲೂ ಅದೇ ಕಪ್ಪು.

ಪೆರ್ಪೇತುವಾ ಹಾಸಿಗೆಯ ಅಂಚಿಗೆ ಕೂತಿದ್ದಳು. ಮೆಲ್ಲಗೆ ಎದ್ದು ಬಂದು ತೂತಿನೊಳಗೆ ಬೆರಳಿಟ್ಟಳು.

"ಯಾವಾಗ ಮಾಡಿದ್ರಿ?"

"ನೀನು ಬರೋ ಮುಂಚೆ."

"ಯಾಕೆ ಹೇಳ್ಲಿಲ್ಲ?"

ಅವನು ಉಳಿಯ ತುದಿಯನ್ನು ಬೆರಳಿನಿಂದ ಒರೆಸುತ್ತಿದ್ದ.

"ಇಷ್ಟು ವರ್ಷ ನಾನು ಚಳಿಗೆ ಒಗ್ಗಿಕೊಂಡೆ ಅಂದ್ಕೊಂಡಿದ್ದೆ ನೋಡಿ" ಅಂದಳು ಪೆರ್ಪೇತುವಾ. "ನಮ್ಮಮ್ಮನಿಗೂ ಹಾಗೇ ಹೇಳ್ತಿದ್ದೆ. ನಾನು ಗಟ್ಟಿ ಹೆಂಗಸು, ಬೆಟ್ಟದ ಚಳಿ ನನಗೇನೂ ಮಾಡಲ್ಲ ಅಂತ."

ಎಲ್ಲರೂ ಜೆಫೆರೀನುವಿನ ಕಡೆ ನೋಡಿದರು. ಅವನು ಬಾಯಿ ತೆರೆದ. ಬಾಲ್ತಜಾರ್ ಕಾದ. ಜೆಫೆರೀನು ತೂತನ್ನು ನೋಡಿದ, ಪೆರ್ಪೇತುವಾಳನ್ನು ನೋಡಿದ, ಬಾಯಿ ಮುಚ್ಚಿದ. ಆಮೇಲೆ, "ನಮ್ಮ ಮನೆ ಗೋಡೆಗೂ ಇದನ್ನ ಈಗ ಹಾಕಬಹುದಾ ಮೇಡಂ?" ಅಂತ ಕೇಳಿದ.

ಆ ಊರಿನ ಇತಿಹಾಸದಲ್ಲಿ ಜೆಫೆರೀನು ಬಿಟ್ಟುಕೊಟ್ಟ ಒಂದೇ ಒಂದು ಅವಕಾಶ ಅದು.

ಹೊರಡುವ ಮೊದಲು ಇವೋನೆ ಮೇಜಿನ ಮುಂದೆ ಕೂತು, ಪೆರ್ಪೇತುವಾ ಕೊಟ್ಟ ಸೀಮೆದಾಳಿಂಬೆ ಹಣ್ಣಿನ ಹಲ್ವ ತಿನ್ನುತ್ತ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೆಲವು ದಿನದಲ್ಲಿ ಪತ್ರ ಬಂತು. ಅಂದು ಒತೀಲಿಯಾಳೂ ಅಲ್ಲೇ ಇದ್ದಳು. ದರ್ಜೆ ಡಿ.

"ಡಿ" ಎಂದ ಬಾಲ್ತಜಾರ್. ಅವನ ಮುಖ ಸ್ವಲ್ಪ ಇಳಿಯಿತು. "ಅಷ್ಟೆಲ್ಲಾ ಮಾಡಿ ಡಿ?"

"ಅಣ್ಣ, ಬರೀ ಕಲ್ಲು ಅಂತ ಬರೆದಿದ್ರೆ ಎಫ್" ಅಂದಳು ಒತೀಲಿಯಾ. "ಅದನ್ನ ಎರಡು ಮೆಟ್ಟಿಲು ಎತ್ತಿದ್ದು ನಿಮ್ಮ ಗೋಡೆ. ಕೆಳಗೆ ಎಳೆದದ್ದು ಕಿಟಕಿ, ಚಾವಣಿ. ಓದ್ತೀನಿ ಕೇಳಿ." ಅವಳು ಹಾಳೆ ತಿರುವಿ ಬೆರಳಿಟ್ಟು ಓದಿದಳು. ಮೊದಲು ಅಟ್ಟಕ್ಕೆ ಕಾರ್ಕ್ ಅಥವಾ ಅಂಥದೇ ಶಾಖ ತಡೆಯುವ ಹಾಸು ಹಾಕಬೇಕು. ಅದು ಕಡಿಮೆ ಕೆಲಸ, ಹೆಚ್ಚು ಫಲ. ಆಮೇಲೆ ಕೂಡಿಬಂದಾಗ ಕಿಟಕಿಗೆ ಎರಡು ಪದರದ ಗಾಜು. ಅಡುಗೆಮನೆಯ ಗಾಳಿಗಿಂಡಿ ಸದಾ ತೆರೆದಿರಬೇಕು. ಇಷ್ಟಾದರೆ ಈ ಮನೆ ಬಿ ದರ್ಜೆಗೆ ಏರುತ್ತದೆ. ಪತ್ರ ಹತ್ತು ವರ್ಷ ಚಾಲ್ತಿಯಲ್ಲಿರುತ್ತದೆ.

"ನೋಡಿ, ಇದರಲ್ಲಿ ಮನೆಯ ತಪ್ಪೂ ಬರೆದಿದೆ" ಅಂದಳು ಅವಳು ಹಾಳೆ ಮಡಿಸುತ್ತ. "ಬೂಷ್ಟು ಕಟ್ಟಿದ ಮೂಲೆ ಕೂಡ ಬಿಟ್ಟಿಲ್ಲ. ಅದಕ್ಕೇ ನಂಬಿಕೆ ಬಂತು. ಬಿ ಅಂತ ಸುಮ್ನೆ ಕೊಟ್ಟಿದ್ರೆ, ಮೊದಲನೇ ಚಳೀಲೇ ನಿಮ್ಮನ್ನ ಬೈಕೊಳ್ತಿದ್ದೆ. ಈಗ ಯಾವ ಕೆಲಸ ಮೊದಲು ಅಂತ ನಂಗೆ ಗೊತ್ತು. ಮನೆ ನನ್ನದು ಅಣ್ಣ."

"ಅಟ್ಟದ ಕೆಲಸಕ್ಕೆ ನಾನು ಬರ್ತೀನಿ" ಅಂದ ಬಾಲ್ತಜಾರ್. "ಬೇರೆಯವರ ಕೈಗೆ ಕೊಡ್ಬೇಡ."

"ಈ ಸಲ ಬಾಗಿಲು ಹಾಕ್ಕೊಂಡು ಮಾಡ್ಬೇಡಿ" ಅಂದಳು ಪೆರ್ಪೇತುವಾ.

ಕ್ರಿಸ್ಮಸ್‌ಗೆ ಮುಂಚೆ ಅವರು ಪಟ್ಟಣಕ್ಕೆ ಇಳಿದರು. ಹೊರಡುವ ಮೊದಲು ಬಾಲ್ತಜಾರ್ ಅಡುಗೆಮನೆ ಕಡೆಯ ತೂತಿಗೆ ಗಾರೆ ಹಾಕಿದ. ಮಲಗುವ ಕೋಣೆಯದನ್ನು ಮುಚ್ಚಲಿಲ್ಲ. ಅದಕ್ಕೆ ಅಂಗೈ ಅಗಲದ ಒಂದು ಮರದ ಬಾಗಿಲು ಮಾಡಿ, ಹಿತ್ತಾಳೆ ತಿರುಗಣಿ ಹಚ್ಚಿದ. ಮುಂದೆ ಯಾರೇ ಬಂದು ಗೋಡೆಯೊಳಗೆ ಏನಿದೆ ಎಂದು ಕೇಳಿದರೂ, ತೆರೆದು ತೋರಿಸಿದರಾಯಿತು. ಊರಲ್ಲಿ ಯಾರಾದರೂ ಗುಟ್ಟು ಕೇಳಿದರೆ ಅವನು ಈಗ ಅಂಗೈ ತೋರಿಸುವುದಿಲ್ಲ. "ಕಾರ್ಕ್" ಎನ್ನುತ್ತಾನೆ. ಸಾಮಾನು ಗಾಡಿ ಹೊರಟು ನಿಂತಾಗ ಪೆರ್ಪೇತುವಾ ಕಾಣಲಿಲ್ಲ. ಅವನು ಒಳಗೆ ಹೋಗಿ ನೋಡಿದರೆ, ಖಾಲಿ ಕೋಣೆಯಲ್ಲಿ ಆ ಪುಟ್ಟ ಬಾಗಿಲು ತೆರೆದು, ಒಳಗೆ ಅಂಗೈಯಿಟ್ಟು ನಿಂತಿದ್ದಳು. ಅವನು ಕರೆಯಲಿಲ್ಲ. ಅವಳೇ ಬಂದಳು.

ಈಗ ಅವಳು ಆಸ್ಪತ್ರೆಗೆ ನಡೆದೇ ಹೋಗುತ್ತಾಳೆ. ಬೀದಿಯ ಆ ತುದಿಗೆ. ಬಂದು ಊಟಕ್ಕೆ ಕೂರುವಷ್ಟು ಜೀವ ಅವಳಲ್ಲಿ ಉಳಿದಿರುತ್ತದೆ. ಅಂದಹಾಗೆ, ಪಟ್ಟಣದ ಆ ಮನೆ ನೋಡಲು ಹೋದ ದಿನ ಯಜಮಾನ ಹೊಸ ನಲ್ಲಿ, ಹೊಸ ಬಣ್ಣ ಎಂದು ತೋರಿಸುತ್ತಿದ್ದರೆ, ಬಾಲ್ತಜಾರ್ ಮೇಸ್ತ್ರಿ ಕೇಳಿದ ಮೊದಲ ಮಾತು, "ಅದಿರಲಿ ಸ್ವಾಮಿ, ಪತ್ರ ಎಲ್ಲಿ?"

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೂ ಇದೇ ಮಾತು. ಮನೆ ಮಾರುವ ಯೋಚನೆಯಿದ್ದರೆ ಬೋರ್ಡು ಹಾಕುವ ಮೊದಲು ಅಧಿಕೃತ ತಪಾಸಕರನ್ನು ಮನೆಗೇ ಕರೆಸಿ. ನೋಡದೆ ಬರೆದುಕೊಡುವವರ ನಂಬರು ನಿಮಗೂ ಸಿಕ್ಕೀತು, ಅದನ್ನು ಒಲೆಗೆ ಹಾಕಿ. ತಪಾಸಣೆಯ ದಿನ ಬೆಂಕಿ ಒಟ್ಟಿ, ಸುಣ್ಣ ಬಳಿದು ಸುಸ್ತಾಗಬೇಡಿ. ಅಟ್ಟದ ಬಾಗಿಲು, ಬಾಯ್ಲರಿನ ಮೂಲೆ ತೆರೆದಿಡಿ, ಮನೆಯ ತೊಂದರೆಯನ್ನು ನೀವೇ ಮೊದಲು ಹೇಳಿ. ಕೊಳ್ಳುವವರಾದರೆ ದರ್ಜೆ ಕೇಳಲು ಸಂಕೋಚ ಬೇಡ, ಮಾರುವವರು ಸ್ನೇಹಿತರಾಗಿದ್ದರೂ ಕೇಳಿ. ಈಗಷ್ಟೇ ಕಟ್ಟಿಸುತ್ತಿದ್ದೀರಾ? ಗಾರೆ ಮೆತ್ತುವ ಮುನ್ನ ಒಂದು ಫೋಟೋ ತೆಗೆದಿಡಿ, ರಶೀದಿ ಎತ್ತಿಡಿ.

ನಿಮ್ಮ ಗೋಡೆಯೊಳಗೂ ಯಾರೋ ಯಾರಿಗಾಗಿಯೋ ಇಟ್ಟದ್ದು ಇರಬಹುದು. ಅದು ಲೆಕ್ಕಕ್ಕೆ ಬರಲಿ.